ಸುಡೊಕು ಪುಸ್ತಕ ಕೊಡಿಸಿದ್ರೆ ಸಾಕಾ?

ನಾನು ಫಿಸಿಯೋಥೆರಪಿಸ್ಟ್. ಮೊಣಕಾಲು ನೋವಿಗೆ ಅಂತ ಅಪ್ಪ ಅಮ್ಮನನ್ನು ಕರೆತರುವ ಮಕ್ಕಳು ಹೊರಡುವಾಗ ಮೆಲ್ಲಗೆ ಕೇಳುತ್ತಾರೆ: "ಇವರಿಗೆ ಮುಂದೆ ಡಿಮೆನ್ಷಿಯಾ, ಅಂದ್ರೆ ಮರೆವಿನ ಕಾಯಿಲೆ, ಬರದ ಹಾಗೆ ಏನು ಮಾಡಿಸಬೇಕು? ಸುಡೊಕು ಪುಸ್ತಕ ಕೊಡಿಸಿದ್ದೀನಿ, ಸಾಕಾ?"

ಸಾಕಾಗಲ್ಲ. ಪುಸ್ತಕ ಇರಲಿ, ಬೇಡ ಅನ್ನಲ್ಲ. ಆದರೆ ಮೊದಲು ತರಕಾರಿ ಚೀಲವನ್ನು ಅವರ ಕೈಗೆ ವಾಪಸ್ ಕೊಡಿ.

ಪ್ರೀತಿಯಿಂದಲೇ ನಾವು ಹಿರಿಯರ ಕೆಲಸ ಕಿತ್ತುಕೊಂಡಿದ್ದೇವೆ. ಹಾಲು, ಸೊಪ್ಪು ಆ್ಯಪ್‌ನಲ್ಲಿ ಬರುತ್ತೆ. ಕರೆಂಟ್ ಬಿಲ್ ಮಗ ಫೋನಲ್ಲೇ ಕಟ್ಟುತ್ತಾನೆ. "ನೀವು ಸುಮ್ನೆ ಕೂತ್ಕೊಳ್ಳಿ ಅಮ್ಮ" ಅನ್ನುತ್ತೇವೆ. ಅದೇ ಅಮ್ಮ ಮಾರ್ಕೆಟ್‌ಗೆ ಹೋಗುತ್ತಿದ್ದಾಗ ಏನೇನು ನಡೆಯುತ್ತಿತ್ತು ನೋಡಿ. ರಸ್ತೆ ದಾಟುವ ಎಚ್ಚರ. ಅವರೆಕಾಯಿಗೆ ಸೊಗಡಿದೆಯಾ ಅಂತ ಮೂಸುವುದು, ಹತ್ತು ರೂಪಾಯಿಗೆ ಚೌಕಾಸಿ, ಚಿಲ್ಲರೆ ಲೆಕ್ಕ, ದಾರಿಯಲ್ಲಿ ಸಿಕ್ಕವರ ಹತ್ತಿರ ಅವರ ಮಗಳ ಬಾಣಂತನದ ವಿಚಾರಣೆ. ಕಾಲು, ತಲೆ, ನಾಲಿಗೆ ಮೂರಕ್ಕೂ ಒಟ್ಟಿಗೆ ಕೆಲಸ. ಸುಡೊಕು ಬಿಡಿಸುವವರು ಕುರ್ಚಿಯಿಂದ ಏಳುವುದೂ ಇಲ್ಲ, ಅಲ್ವಾ?

ಇದು ನನ್ನ ಊಹೆ ಮಾತ್ರ ಅಲ್ಲ. ಫಿನ್ಲೆಂಡಿನಲ್ಲಿ 60ರಿಂದ 77 ವರ್ಷದ 1260 ಜನರನ್ನು ಎರಡು ಗುಂಪು ಮಾಡಿ 2 ವರ್ಷ ನೋಡಿದರು. ಒಂದು ಗುಂಪಿಗೆ ವ್ಯಾಯಾಮ, ಊಟದ ಶಿಸ್ತು, ಮೆದುಳಿಗೆ ಕಸರತ್ತು, ಬಿಪಿ-ಶುಗರ್ ಮೇಲೆ ಕಣ್ಣು, ಎಲ್ಲ ಸೇರಿಸಿ ಕೊಟ್ಟರು. ಇನ್ನೊಂದಕ್ಕೆ ಮಾಮೂಲಿ ಸಲಹೆ. 2015ರಲ್ಲಿ ಫಲಿತಾಂಶ ಬಂದಾಗ ಯೋಚನಾಶಕ್ತಿಯ ಪರೀಕ್ಷೆಯಲ್ಲಿ ಮೊದಲ ಗುಂಪೇ ಮುಂದಿತ್ತು. ಹಾಗಂತ ಇದು ಗ್ಯಾರಂಟಿ ಅಲ್ಲ. ದಿನಾ ವಾಕಿಂಗ್ ಮಾಡಿದವರಿಗೂ ಡಿಮೆನ್ಷಿಯಾ ಬರಬಹುದು. ಅಪಾಯ ಕಡಿಮೆ ಮಾಡಿಕೊಳ್ಳಬಹುದು, ಅಷ್ಟೇ.

"ಹೊರಗೆ ಕಳಿಸಿ ಬಿದ್ದುಬಿಟ್ಟರೆ?" ಅಂತಾರೆ. ಭಯ ಸಹಜ. ಆದರೆ ಕೂತಷ್ಟೂ ತೊಡೆಯ ಶಕ್ತಿ ಇಳಿಯುತ್ತೆ, ಬೀಳುವ ಅಪಾಯ ಜಾಸ್ತಿ ಆಗುತ್ತೆ. 65 ದಾಟಿದವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆ, ಜೊತೆಗೆ 3 ದಿನ ಬ್ಯಾಲೆನ್ಸ್ ಮತ್ತು ಸ್ನಾಯುಬಲದ ವ್ಯಾಯಾಮ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ. ಮಾತಾಡಲು ಜೊತೆಗೊಬ್ಬರು ಬೇಕಲ್ಲ! ಟೆರೇಸ್ ಮೇಲೆ ಒಬ್ಬರೇ ಸುತ್ತು ಹಾಕುವುದಕ್ಕಿಂತ ಪಾರ್ಕಿನ ಗುಂಪು ನನಗೆ ಇಷ್ಟವಾಗುವುದು ಅದಕ್ಕೇ.

ಕಿವಿಯನ್ನೂ ನೋಡಿಸಿ. ನನ್ನ ಹತ್ತಿರ ಬರುವ ಒಬ್ಬ ಅಜ್ಜಿ ಭಜನಾ ಮಂಡಳಿ ಬಿಟ್ಟಿದ್ದರು. ಎಲ್ಲರೂ ಪಲ್ಲವಿಗೆ ವಾಪಸ್ ಬಂದರೂ ಇವರು ಚರಣದಲ್ಲೇ ಇರುತ್ತಿದ್ದರಂತೆ, ಪಕ್ಕದವರು ನಕ್ಕರಂತೆ. ಮನೆಯವರು ಮಂಕಾಗಿದ್ದಾರೆ ಅಂದುಕೊಂಡಿದ್ದರು. ಕಿವಿಗೆ ಮಷೀನ್ ಹಾಕಿಸಿದ ಮೇಲೆ ಮತ್ತೆ ಹೋಗುತ್ತಿದ್ದಾರೆ. ಡಿಮೆನ್ಷಿಯಾ ಅಪಾಯ ಹೆಚ್ಚಿಸುವ 14 ಅಂಶಗಳನ್ನು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿತು. ಕಿವಿ ಮಂದವಾಗುವುದು, ಒಂಟಿಯಾಗುವುದು ಎರಡೂ ಅದರಲ್ಲಿವೆ.

ಗೊತ್ತಿರುವ ದಾರಿಯೇ ತಪ್ಪುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು ಈಗಾಗಲೇ ಶುರುವಾಗಿದ್ದರೆ ನನ್ನ ಹತ್ತಿರ ಬರಬೇಡಿ, ನರರೋಗ ತಜ್ಞರಿಗೆ ತೋರಿಸಿ. ಅರವತ್ತಕ್ಕೆ ಅರಳುಮರಳು ಅಂತ ಕೈಬಿಡಬೇಡಿ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್, ಖಿನ್ನತೆಯಿಂದಲೂ ಮರೆವು ಬರುತ್ತೆ. ಅವಕ್ಕೆ ಚಿಕಿತ್ಸೆ ಇದೆ.