ಎಕನಾಮಿಕ್ಸ್ ಓದಿದ್ರ ಮುಂದೇನ್ರಿ? ಇಲ್ಲೇ ಬರೆದಿಡುತ್ತೇನೆ

"ಸರ್ರ, ನಮ್ಮ ಹುಡುಗ ಎಕನಾಮಿಕ್ಸ್ ತಗೊಂಡಿದ್ದಾ, ಈಗ ಬಿಎ ಮುಗೀತ್ರಿ. ಮುಂದ ಏನರ ಸ್ಕೋಪ್ ಐತೇನ್ರಿ?"

ಧಾರವಾಡದಲ್ಲಿ ಅರ್ಥಶಾಸ್ತ್ರ ಕಲಿಸುವ ಯಾರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಕೇಳುವವರು ಅಪ್ಪ, ಇಲ್ಲವೇ ಸೋದರಮಾವ. ಓದಿದ ಹುಡುಗನೋ ಹುಡುಗಿಯೋ ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಾರೆ. ಉತ್ತರ ಶುರು ಮಾಡುವಷ್ಟರಲ್ಲಿ ಇನ್ನೊಂದು ಮಾತು ಬರುತ್ತದೆ: "ಅದೆಲ್ಲಾ ಇರ್ಲಿ ಬಿಡ್ರಿ, ಬ್ಯಾಂಕಿಂದು ಹೇಳ್ರಿ." ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಬರೆದೇ ಬಿಡುತ್ತೇನೆ.

ಮೊದಲು ಬ್ಯಾಂಕಿನ ಮಾತು. ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಸಂಸ್ಥೆ ನಡೆಸುವ ಪಿಒ (ಪ್ರೊಬೇಷನರಿ ಆಫೀಸರ್), ಗ್ರಾಮೀಣ ಬ್ಯಾಂಕ್ ಪರೀಕ್ಷೆಗಳಿಗೆ ಯಾವ ಪದವಿಯಾದರೂ ನಡೆಯುತ್ತದೆ. ಬಿಎ ಆದವರೂ ಬರೆಯಬಹುದು, ಬಿಇ ಆದವರೂ ಬರೆಯಬಹುದು. ಅಲ್ಲಿ ಮುಖ್ಯವಾಗಿ ನೋಡುವುದು ರೀಸನಿಂಗ್, ಲೆಕ್ಕ ಮಾಡುವ ವೇಗ, ಭಾಷೆ. ರೆಪೋ ದರದ ಪ್ರಶ್ನೆ ಬಂದರೂ ದಿನಾ ಪೇಪರ್ ಓದುವವರಿಗೆ ಅದು ಗೊತ್ತಿರುತ್ತದೆ. ಸಪ್ತಾಪುರದಲ್ಲಿ ರೂಮು ಮಾಡಿ, ಕೋಚಿಂಗ್ ಹಚ್ಚಿ ಬ್ಯಾಂಕ್ ಪರೀಕ್ಷೆ ಪಾಸಾದರೆ ಅದು ಒಳ್ಳೆಯ ನೌಕರಿಯೇ, ನನ್ನದೇನೂ ತಕರಾರಿಲ್ಲ. ಆದರೆ ಅದಕ್ಕೆ ಮೂರು ವರ್ಷ ಅರ್ಥಶಾಸ್ತ್ರ ಓದುವ ಅಗತ್ಯವಿರಲಿಲ್ಲ. ಆ ನೌಕರಿ ಸಿಗಲಿಲ್ಲವೆಂದು ಅರ್ಥಶಾಸ್ತ್ರವನ್ನು ಬಯ್ಯುವುದೂ ತಪ್ಪು.

ಅರ್ಥಶಾಸ್ತ್ರ ಓದಿದವರಿಗೆಂದೇ ಇರುವ ಹುದ್ದೆಗಳು ಬೇರೆ. ಯುಪಿಎಸ್‌ಸಿ ನಡೆಸುವ ಇಂಡಿಯನ್ ಎಕನಾಮಿಕ್ ಸರ್ವಿಸ್ ಪರೀಕ್ಷೆಗೆ ಅರ್ಥಶಾಸ್ತ್ರದಲ್ಲಿ ಅಥವಾ ಎಕನಾಮೆಟ್ರಿಕ್ಸ್‌ನಂಥ (ಆರ್ಥಿಕ ಅಂಕಿಅಂಶಗಳ ವಿಶ್ಲೇಷಣೆ) ಅದರ ಶಾಖೆಯಲ್ಲಿ ಸ್ನಾತಕೋತ್ತರ ಪದವಿ ಬೇಕು, ವಯಸ್ಸು 21ರಿಂದ 30ರೊಳಗಿರಬೇಕು. ಇಂಗ್ಲಿಷ್ ಮತ್ತು ಸಾಮಾನ್ಯ ಅಧ್ಯಯನಕ್ಕೆ ತಲಾ 100 ಅಂಕ, ಜನರಲ್ ಎಕನಾಮಿಕ್ಸ್‌ನ ಮೂರು ಪತ್ರಿಕೆ ಮತ್ತು ಭಾರತೀಯ ಅರ್ಥಶಾಸ್ತ್ರದ ಒಂದು ಪತ್ರಿಕೆಗೆ ತಲಾ 200, ಸಂದರ್ಶನಕ್ಕೆ 200. ಉತ್ತರ ಬರೆಯುವುದು ಇಂಗ್ಲಿಷಿನಲ್ಲೇ. ರಿಸರ್ವ್ ಬ್ಯಾಂಕಿನ ಗ್ರೇಡ್ ಬಿ ಅಧಿಕಾರಿಗಳಲ್ಲಿ ಡಿಇಪಿಆರ್ ಎಂಬ ಪ್ರತ್ಯೇಕ ವಿಭಾಗವಿದೆ. ಅದು ಸಂಶೋಧನೆ ಮಾಡುವ ಅರ್ಥಶಾಸ್ತ್ರಜ್ಞರದು, ಎಂಎಯಲ್ಲಿ ಶೇ 55 ಬೇಕು. ಎರಡರಲ್ಲೂ ಹುದ್ದೆ ಕಡಿಮೆ, ಸ್ಪರ್ಧೆ ದೊಡ್ಡದು. ಇನ್ನು ಕಾಲೇಜು ಉಪನ್ಯಾಸಕ ವೃತ್ತಿಗೆ ರಾಷ್ಟ್ರಮಟ್ಟದ ನೆಟ್ ಅಥವಾ ರಾಜ್ಯದ ಕೆಸೆಟ್ ಅರ್ಹತಾ ಪರೀಕ್ಷೆ ಇದೆ. ಪಿಯು ಉಪನ್ಯಾಸಕರಾಗಲು ಎಂಎ ಜೊತೆಗೆ ಬಿಎಡ್ ಬೇಕು. ಪಿಎಚ್‌ಡಿ ಮಾಡುವವರಿಗೆ ಬೆಂಗಳೂರಿನಲ್ಲಿ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಐಸೆಕ್ ಸಂಶೋಧನಾ ಸಂಸ್ಥೆ ಇದೆ. ನಮ್ಮ ಧಾರವಾಡದಲ್ಲೇ ಪಿ.ಆರ್. ಪಂಚಮುಖಿ ಅವರು ಸ್ಥಾಪಿಸಿದ ಸಿಎಂಡಿಆರ್ ಸಂಶೋಧನಾ ಕೇಂದ್ರವಿದೆ. ಇಲ್ಲೇ ಓದಿ ಆ ಗೇಟಿನೊಳಗೆ ಒಮ್ಮೆಯೂ ಕಾಲಿಡದೆ ಪದವಿ ಮುಗಿಸುವವರು ಬಹಳ.

ಇಷ್ಟು ಹೇಳಿದರೆ ಕೇಳಿದವರಿಗೆ ಸಮಾಧಾನ. ನನಗಲ್ಲ. ಯಾಕೆಂದರೆ ಪ್ರಶ್ನೆ ಬರುವ ಹೊತ್ತಿಗೆ ಈ ದಾರಿಗಳಲ್ಲಿ ಅರ್ಧ ಮುಚ್ಚಿಹೋಗಿರುತ್ತವೆ. ಬಿಎ ಮುಗಿದ ಮೇಲೆ ಬಂದು ಕೇಳುತ್ತಾರೆ, ನಿಜವಾಗಿ ಕೇಳಬೇಕಾದದ್ದು ಹತ್ತನೆಯ ತರಗತಿ ಮುಗಿದಾಗ. ಕೇಳಬೇಕಾದ ಪ್ರಶ್ನೆಯೂ ಇದಲ್ಲ. "ಅರ್ಥಶಾಸ್ತ್ರಕ್ಕೆ ಗಣಿತ ಎಷ್ಟು ಬೇಕು, ಯಾವಾಗಿಂದ ಶುರು ಮಾಡಬೇಕು?" ಇದನ್ನು ಯಾರಾದರೂ ಕೇಳಲಿ, ಕೂತು ಗಂಟೆಗಟ್ಟಲೆ ಹೇಳುತ್ತೇನೆ.

ನಮ್ಮ ಕಡೆ ಆರ್ಟ್ಸ್ ತೆಗೆದುಕೊಳ್ಳುವ ಮಕ್ಕಳಿಗೆ ಸಾಮಾನ್ಯವಾಗಿ ಎಚ್‌ಇಪಿಎಸ್ ಕೊಡಿಸುತ್ತಾರೆ: ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಪಾಸಾದ ದಿನವೇ ಅದರ ಸಹವಾಸ ಮುಗಿಯಿತು. ಅಲ್ಲಿಂದ ಐದು ವರ್ಷ ಸಂಖ್ಯೆ ಮುಟ್ಟದೆ ಅರ್ಥಶಾಸ್ತ್ರ ಓದುತ್ತಾರೆ, ವ್ಯಾಖ್ಯೆ ಬಾಯಿಪಾಠ ಮಾಡಿ ಒಳ್ಳೆಯ ಅಂಕವನ್ನೂ ತೆಗೆಯುತ್ತಾರೆ. ತೊಂದರೆ ಗೊತ್ತಾಗುವುದು ಅರ್ಜಿ ತುಂಬುವಾಗ. ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ (ಎಸ್‌ಎಸ್‌ಸಿ) ಪದವೀಧರರಿಗೆ ನಡೆಸುವ ಸಿಜಿಎಲ್ ಪರೀಕ್ಷೆಯಲ್ಲಿ ಜೂನಿಯರ್ ಸ್ಟಾಟಿಸ್ಟಿಕಲ್ ಆಫೀಸರ್ ಎಂಬ ಹುದ್ದೆ ಇದೆ, ಅರ್ಥಶಾಸ್ತ್ರದವರಿಗೆ ಹೇಳಿ ಮಾಡಿಸಿದ ಕೆಲಸ. ಅರ್ಹತೆ ಓದಿ: ಪದವಿ ಇದ್ದು ಪಿಯುಸಿ ಗಣಿತದಲ್ಲಿ ಶೇ 60 ಇರಬೇಕು, ಇಲ್ಲವೇ ಪದವಿಯಲ್ಲಿ ಸ್ಟಾಟಿಸ್ಟಿಕ್ಸ್ ಒಂದು ವಿಷಯವಾಗಿರಬೇಕು. ಎಚ್‌ಇಪಿಎಸ್ ಓದಿ, ಬಿಎಯಲ್ಲಿ ಇತಿಹಾಸ ಮತ್ತು ಅರ್ಥಶಾಸ್ತ್ರ ತೆಗೆದುಕೊಂಡವರು ಶೇ 85 ತಂದಿದ್ದರೂ ಆ ಹುದ್ದೆಗೆ ಟಿಕ್ ಹಾಕುವಂತಿಲ್ಲ. ಅದೇ ಸಿಜಿಎಲ್‌ನ ಸ್ಟಾಟಿಸ್ಟಿಕಲ್ ಇನ್ವೆಸ್ಟಿಗೇಟರ್ ಹುದ್ದೆಗೂ ಪದವಿಯಲ್ಲಿ ಸ್ಟಾಟಿಸ್ಟಿಕ್ಸ್ ಓದಿರಬೇಕು. ಕಾಮರ್ಸ್‌ನಲ್ಲಿ ಸ್ಟಾಟಿಸ್ಟಿಕ್ಸ್ ಇರುವ ಎಸ್‌ಇಬಿಎ ತೆಗೆದುಕೊಂಡವರು, ಪದವಿಯಲ್ಲಿ ಅದನ್ನು ಮುಂದುವರಿಸಿದರೆ, ಇಲ್ಲಿ ಮುಂದೆ ಹೋಗುತ್ತಾರೆ. ಹದಿನಾರನೆಯ ವಯಸ್ಸಿನಲ್ಲಿ ಅಡ್ಮಿಷನ್ ಕೌಂಟರಿನ ಮುಂದೆ ಐದು ನಿಮಿಷದಲ್ಲಿ ಆದ ಆಯ್ಕೆಗೆ ಇಷ್ಟು ತೂಕವಿದೆ ಅಂತ ಯಾರೂ ಆ ಮಕ್ಕಳಿಗೆ ಹೇಳಿರುವುದಿಲ್ಲ. ನನಗೆ ಸಿಟ್ಟು ಬರುವುದು ಇದಕ್ಕೆ.

ಅರ್ಜಿ ದಾಟಿದರೂ ಪ್ರಶ್ನೆಪತ್ರಿಕೆಯಲ್ಲಿ ಅದೇ ಎದುರಾಗುತ್ತದೆ. "ಏಕಸ್ವಾಮ್ಯದಲ್ಲಿ ಬೆಲೆ ಹೇಗೆ ನಿರ್ಧಾರವಾಗುತ್ತದೆ, ವಿವರಿಸಿ" ಎಂದರೆ ನಮ್ಮ ಮಕ್ಕಳು ಸೀಮಾಂತ ಆದಾಯ ಮತ್ತು ಸೀಮಾಂತ ವೆಚ್ಚ (ಇನ್ನೊಂದು ಘಟಕದಿಂದ ಹೆಚ್ಚಾಗುವ ಆದಾಯ, ವೆಚ್ಚ) ಸಮವಾಗುವಲ್ಲಿ ಎಂದು ಬರೆದು, ಚಂದದ ನಕ್ಷೆ ಹಾಕಿ, ಹತ್ತಕ್ಕೆ ಎಂಟು ತೆಗೆಯುತ್ತಾರೆ. ಅದನ್ನೇ ಹೀಗೆ ಕೇಳಿ: ಬೆಲೆ = 40 − 2ಕ್ಯೂ, ಒಟ್ಟು ವೆಚ್ಚ = 50 + 4ಕ್ಯೂ + ಕ್ಯೂ². ಇಲ್ಲಿ ಕ್ಯೂ ಅಂದರೆ ಉತ್ಪಾದನೆ. ಲಾಭ ಅತಿ ಹೆಚ್ಚಾಗುವ ಉತ್ಪಾದನೆ ಎಷ್ಟು, ಲಾಭ ಎಷ್ಟು? ಪೆನ್ನು ನಿಲ್ಲುತ್ತದೆ. ಬೆಲೆಯನ್ನು ಕ್ಯೂನಿಂದ ಗುಣಿಸಿದರೆ ಒಟ್ಟು ಆದಾಯ 40ಕ್ಯೂ − 2ಕ್ಯೂ². ಅದರ ಡೆರಿವೇಟಿವ್ (ಬದಲಾಗುವ ದರ) 40 − 4ಕ್ಯೂ, ಅದೇ ಸೀಮಾಂತ ಆದಾಯ. ವೆಚ್ಚದ ಡೆರಿವೇಟಿವ್ 4 + 2ಕ್ಯೂ. ಎರಡನ್ನೂ ಸಮ ಮಾಡಿದರೆ 36 = 6ಕ್ಯೂ, ಅಂದರೆ ಉತ್ಪಾದನೆ 6, ಬೆಲೆ 28. ಆದಾಯ 168, ವೆಚ್ಚ 110, ಲಾಭ 58. ನಾಲ್ಕು ಸಾಲಿನ ಕೆಲಸ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಬೆಲೆಯನ್ನೇ ಸೀಮಾಂತ ವೆಚ್ಚಕ್ಕೆ ಸಮ ಮಾಡಿ ಉತ್ಪಾದನೆ 9 ಎಂದು ಬರೆಯುವುದು. ಅದು ಪೂರ್ಣ ಪೈಪೋಟಿಯ ನಿಯಮ. ಪರೀಕ್ಷೆ ರಚಿಸುವವರಿಗೆ ಈ ತಪ್ಪು ಗೊತ್ತು, ನಾಲ್ಕು ಆಯ್ಕೆಗಳಲ್ಲಿ 9 ಅನ್ನು ಇಟ್ಟೇ ಇಟ್ಟಿರುತ್ತಾರೆ. ಸ್ನಾತಕೋತ್ತರ ಪ್ರವೇಶಕ್ಕೆ ಐಐಟಿಗಳು ನಡೆಸುವ ಜಾಮ್ ಪರೀಕ್ಷೆಯಲ್ಲಿ 2021ರಿಂದ ಅರ್ಥಶಾಸ್ತ್ರವೂ ಇದೆ: 3 ಗಂಟೆ, 60 ಪ್ರಶ್ನೆ, 100 ಅಂಕ. ಅಲ್ಲಿ ಬರುವುದು ಹೆಚ್ಚಾಗಿ ಈ ಜಾತಿಯ ಪ್ರಶ್ನೆ. ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಕ್ವಾಂಟಿಟೇಟಿವ್ ಎಕನಾಮಿಕ್ಸ್ ಕೋರ್ಸಿಗಂತೂ ಗಣಿತದ್ದೇ ಒಂದು ಪೂರ್ತಿ ಪತ್ರಿಕೆ.

ಹಾಗಾದರೆ ಗಣಿತ ಬಿಟ್ಟವರು ಏನು ಮಾಡಬೇಕು? ಬಿಎ ಎರಡನೇ ಸೆಮಿಸ್ಟರಿನ ರಜೆಯಲ್ಲಿ ಶುರು ಮಾಡಿದರೂ ಸಮಯವಿದೆ. ಪಿಯು ಮೊದಲ ವರ್ಷದ ಗಣಿತ ಪುಸ್ತಕದಿಂದ ಸೆಟ್, ಫಂಕ್ಷನ್, ಲಿಮಿಟ್ ಮತ್ತು ಡೆರಿವೇಟಿವ್ ಓದಿ. ಎರಡನೇ ವರ್ಷದ ಪುಸ್ತಕದಲ್ಲಿ 3 ಮತ್ತು 4ನೇ ಅಧ್ಯಾಯ (ಮ್ಯಾಟ್ರಿಕ್ಸ್, ಡಿಟರ್ಮಿನೆಂಟ್), 5 ಮತ್ತು 6 (ಡೆರಿವೇಟಿವ್ ಮತ್ತು ಅದರ ಉಪಯೋಗ), ಕೊನೆಯ 13 (ಸಂಭವನೀಯತೆ). ತ್ರಿಕೋನಮಿತಿಯ ಲೆಕ್ಕ ಬಂದಲ್ಲಿ ದಾಟಿ ಮುಂದೆ ಹೋಗಿ, ಅರ್ಥಶಾಸ್ತ್ರಕ್ಕೆ ಅದರ ಅಗತ್ಯ ಬಹಳ ಇಲ್ಲ. ಆಮೇಲೆ ಎರಡು ಚರಗಳ ಪಾರ್ಶಿಯಲ್ ಡೆರಿವೇಟಿವ್ ಮತ್ತು ಲಗ್ರಾಂಜ್ ವಿಧಾನ. ಔದಾಸೀನ್ಯ ವಕ್ರರೇಖೆ ಮತ್ತು ಬಜೆಟ್ ರೇಖೆ ಮುಟ್ಟುವ ಬಿಂದುವನ್ನು ನಕ್ಷೆಯಲ್ಲಿ ಎಷ್ಟೋ ಸಲ ಬರೆದಿದ್ದೀರಿ, ಅದನ್ನೇ ಸಂಖ್ಯೆಯಲ್ಲಿ ಬಿಡಿಸುವ ವಿಧಾನ ಅದು. ದಿನಕ್ಕೆ ಒಂದು ತಾಸು, ಕೈಯಲ್ಲಿ ಬಿಡಿಸಿ. ವಿಡಿಯೋ ನೋಡಿ "ತಿಳೀತು" ಅಂದುಕೊಂಡರೆ ಏನೂ ಬರುವುದಿಲ್ಲ.

ದಿನಾಂಕಗಳ ವಿಷಯದಲ್ಲಿ ನಮ್ಮವರು ಸೋಲುವುದು ಇನ್ನೂ ಬೇಜಾರಿನ ಸಂಗತಿ. ಎಂಎಗೆ ಅರ್ಜಿ ಅಂದರೆ ಬಿಎ ಫಲಿತಾಂಶ ಬಂದ ಮೇಲೆ ಹಾಕುವುದು ಅಂತ ತಿಳಿದಿರುತ್ತಾರೆ. ಜಾಮ್ ಅರ್ಜಿ ಅಂತಿಮ ವರ್ಷದ ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ಪರೀಕ್ಷೆ ಫೆಬ್ರುವರಿಯಲ್ಲಿ. ಜೆಎನ್‌ಯು, ಹೈದರಾಬಾದ್, ದೆಹಲಿ, ಕಲಬುರಗಿ ಬಳಿಯ ಕೇಂದ್ರೀಯ ವಿಶ್ವವಿದ್ಯಾಲಯ ಇವಕ್ಕೆಲ್ಲ ಬೇಕಾದ ಸಿಯುಇಟಿ ಪಿಜಿ ಪರೀಕ್ಷೆ ಸಾಮಾನ್ಯವಾಗಿ ಮಾರ್ಚ್‌ನಲ್ಲಿ: 75 ಪ್ರಶ್ನೆ, 300 ಅಂಕ, ಸರಿ ಉತ್ತರಕ್ಕೆ 4, ತಪ್ಪಿಗೆ 1 ಕಡಿತ. ಅಂದರೆ ಐದನೇ ಸೆಮಿಸ್ಟರಿನಲ್ಲೇ ಕೆಲಸ ಶುರುವಾಗಬೇಕು. ಜೂನ್‌ನಲ್ಲಿ ಬಂದು ಕೇಳಿದರೆ ನಾನು ಹೇಳಬಹುದಾದದ್ದು "ಮುಂದಿನ ವರ್ಷ" ಅಷ್ಟೇ.

ಜಾತಿ ಪ್ರಮಾಣಪತ್ರದ ಗೊಂದಲವೂ ಒಂದು. ನಾಡಕಚೇರಿಯಲ್ಲಿ ಸಿಗುವ 2ಎ, 3ಎ, 3ಬಿ ಪ್ರಮಾಣಪತ್ರ ರಾಜ್ಯದ ಮೀಸಲಾತಿಗೆ. ಕೇಂದ್ರದ ಸಂಸ್ಥೆಗಳಿಗೆ ಕೇಂದ್ರದ ನಮೂನೆಯ ಒಬಿಸಿ ನಾನ್ ಕ್ರೀಮಿಲೇಯರ್ ಪತ್ರವನ್ನೇ ತಹಶೀಲ್ದಾರರಿಂದ ಬೇರೆಯಾಗಿ ಮಾಡಿಸಬೇಕು, ಅದು ಆ ಹಣಕಾಸು ವರ್ಷದ್ದಾಗಿರಬೇಕು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿ ಇರುವುದಿಲ್ಲ, ಮೊದಲು ಅದನ್ನು ನೋಡಿಕೊಳ್ಳಿ. ನಿಮ್ಮ ಜಾತಿ ಅಲ್ಲಿ ಇಲ್ಲದಿದ್ದರೆ, ಕುಟುಂಬದ ವರ್ಷದ ಆದಾಯ 8 ಲಕ್ಷದೊಳಗಿದ್ದು ಹೊಲ 5 ಎಕರೆಗಿಂತ ಕಡಿಮೆ ಇದ್ದರೆ ಇಡಬ್ಲ್ಯುಎಸ್ (ಆರ್ಥಿಕವಾಗಿ ಹಿಂದುಳಿದವರ ಮೀಸಲಾತಿ) ಸಿಗುತ್ತದೆಯೇ ಎಂದು ವಿಚಾರಿಸಿ. ಸೀಟು ಸಿಕ್ಕ ಮೇಲೆ ಕಾಗದ ಸರಿಯಿಲ್ಲವೆಂದು ಕಳೆದುಕೊಳ್ಳುವುದಕ್ಕಿಂತ ಡಿಸೆಂಬರಿನಲ್ಲಿ ಒಂದು ದಿನ ತಹಶೀಲ್ದಾರ್ ಕಚೇರಿಗೆ ಹೋಗುವುದು ಒಳ್ಳೆಯದು.

ಇನ್ನು ಖಾಸಗಿ ನೌಕರಿ. ಬೆಂಗಳೂರಿನ ಕಂಪನಿಗಳು "ಡೇಟಾ ಅನಾಲಿಸ್ಟ್" ಎಂದು ಕರೆಯುವ ಕೆಲಸಕ್ಕೆ ಅರ್ಥಶಾಸ್ತ್ರದವರು ಹೊಂದುತ್ತಾರೆ, ಆದರೆ ಕೆಲಸ ಮಾಡಿ ತೋರಿಸಿದ್ದು ಏನಾದರೂ ಇರಬೇಕು. ಅದಕ್ಕೆ ಸಾಮಗ್ರಿ ನಮ್ಮ ಸುತ್ತಲೇ ಬಿದ್ದಿದೆ. ಎಂಎ ಪ್ರಾಜೆಕ್ಟಿಗೆ "ಭಾರತದಲ್ಲಿ ನಿರುದ್ಯೋಗ: ಒಂದು ಅಧ್ಯಯನ" ಎಂದು ಹಳೆಯ ಪ್ರಬಂಧ ನಕಲು ಮಾಡುವ ಬದಲು ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ಬೆಲೆ ತೆಗೆದುಕೊಳ್ಳಿ. ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಆವಕ ಮತ್ತು ಕನಿಷ್ಠ, ಗರಿಷ್ಠ, ಮೋಡಲ್ (ಹೆಚ್ಚಿನ ಮಾಲು ಮಾರಾಟವಾದ) ಬೆಲೆ ಸಿಗುತ್ತದೆ. ಇಲ್ಲಿ ಮೂರು ಕಡೆ ಕೈ ಜಾರುತ್ತದೆ. ಡಬ್ಬಿ, ಕಡ್ಡಿ, ಗುಂಟೂರು ಎಂಬ ಮೂರು ಬಗೆಯ ಮೆಣಸಿನಕಾಯಿಯ ಬೆಲೆಯನ್ನು ಒಟ್ಟುಗೂಡಿಸಿ ಸರಾಸರಿ ತೆಗೆದರೆ ಆ ಸಂಖ್ಯೆಗೆ ಅರ್ಥವೇ ಇಲ್ಲ, ಡಬ್ಬಿಗೂ ಗುಂಟೂರಿಗೂ ದರದಲ್ಲಿ ಅಜಗಜಾಂತರ. ನೂರು ಕ್ವಿಂಟಲ್ ಬಂದ ದಿನಕ್ಕೂ ಹತ್ತು ಸಾವಿರ ಕ್ವಿಂಟಲ್ ಬಂದ ದಿನಕ್ಕೂ ಒಂದೇ ತೂಕ ಕೊಡಬಾರದು, ಆವಕದಿಂದ ಗುಣಿಸಿ ಸರಾಸರಿ ತೆಗೆಯಬೇಕು. ಹತ್ತು ವರ್ಷದ ಬೆಲೆ ಹೋಲಿಸುವಾಗ ಹಣದುಬ್ಬರ ತೆಗೆಯಬೇಕು. ಇಷ್ಟು ಮಾಡಿ, ಆವಕ ಹೆಚ್ಚಾದ ದಿನ ಬೆಲೆ ಎಷ್ಟು ಇಳಿಯುತ್ತದೆ ಎಂಬುದಕ್ಕೆ ಒಂದು ರಿಗ್ರೆಷನ್ ಹಾಕಿದರೆ, ಸಂದರ್ಶನದಲ್ಲಿ ಅರ್ಧ ತಾಸು ಮಾತಾಡಲು ನಿಮ್ಮದೇ ವಿಷಯ ಇರುತ್ತದೆ.

ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಕೃಷಿ ಸಹಕಾರಿ ಸಂಘ, ಅಥವಾ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು 2002ರಲ್ಲಿ ಹೇಳಿದ ಡಿ.ಎಂ. ನಂಜುಂಡಪ್ಪ ಸಮಿತಿ ವರದಿ, ಇವೂ ಒಳ್ಳೆಯ ವಿಷಯಗಳೇ. ನಂಜುಂಡಪ್ಪನವರು ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು. ಅವರ 35 ಸೂಚಕಗಳನ್ನು ನಿಮ್ಮ ತಾಲ್ಲೂಕಿಗೆ ಇವತ್ತಿನ ಅಂಕಿಅಂಶ ಹಾಕಿ ಮತ್ತೆ ಲೆಕ್ಕ ಮಾಡಿದರೆ ಅದೇ ಒಂದು ಪ್ರಬಂಧ. ಕೇಂದ್ರದ ಪಿಎಲ್‌ಎಫ್‌ಎಸ್ ಉದ್ಯೋಗ ಸಮೀಕ್ಷೆಯ ಮೂಲ ಕಡತಗಳೂ ಉಚಿತ. ಅದನ್ನು ತೆರೆಯುವವರು ಮಲ್ಟಿಪ್ಲಯರ್ ಕಾಲಂ (ಸಮೀಕ್ಷೆಯ ಒಂದು ಮನೆ ಎಷ್ಟು ಮನೆಗಳ ಪರವಾಗಿ ನಿಲ್ಲುತ್ತದೆ ಎಂಬ ಸಂಖ್ಯೆ) ಮರೆಯಬೇಡಿ. ಅದಿಲ್ಲದೆ ಹಾಕಿದ ಶೇಕಡಾವಾರು ಸಮೀಕ್ಷೆಯಲ್ಲಿ ಸಿಕ್ಕ ಮನೆಗಳದಾಗುತ್ತದೆಯೇ ಹೊರತು ಕರ್ನಾಟಕದ್ದಾಗುವುದಿಲ್ಲ. ಸಾಫ್ಟ್‌ವೇರ್ ಕೊಳ್ಳಲು ದುಡ್ಡಿಲ್ಲ ಎನ್ನುವವರಿಗೆ ಅಂಕಿಅಂಶ ವಿಶ್ಲೇಷಣೆಗೆ ಆರ್ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ.

ಈಗ, ಎಂಎ ಕೂಡ ಮುಗಿಸಿ, ಗಣಿತ ಇಲ್ಲದೆ ಕೂತವರು. ನಿಮಗೆ ಬಾಗಿಲು ಮುಚ್ಚಿಲ್ಲ. ನೆಟ್ ಬರೆಯಿರಿ. ಎರಡೂ ಪತ್ರಿಕೆ ಸೇರಿ 3 ಗಂಟೆ, 150 ಪ್ರಶ್ನೆ, 300 ಅಂಕ. ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಸಿಕ್ಕರೆ ಪಿಎಚ್‌ಡಿಗೆ ಸೇರಿದ ಮೇಲೆ ತಿಂಗಳಿಗೆ 37,000 ರೂಪಾಯಿ. 2024ರ ಜೂನ್ ಸುತ್ತಿನಿಂದ ನೆಟ್ ಅಂಕವನ್ನು ಪಿಎಚ್‌ಡಿ ಪ್ರವೇಶಕ್ಕೂ ಪರಿಗಣಿಸುತ್ತಾರೆ. ಅದರ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡದಲ್ಲಿ ಓದಿದವರು ಕೆಸೆಟ್ ಅನ್ನೂ ಜೊತೆಗೆ ಬರೆಯಿರಿ, ಅದರ ಅರ್ಹತೆ ಕರ್ನಾಟಕದೊಳಗಿನ ಕಾಲೇಜುಗಳಿಗೆ ನಡೆಯುತ್ತದೆ. ನೆಟ್‌ನಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಆದರೂ ಹೊರಬಂದು "ಗೊತ್ತಿಲ್ಲದ್ದು ಹದಿನೈದು ಬಿಟ್ಟೆ" ಎನ್ನುವವರಿದ್ದಾರೆ. ಒಂದೂ ಬಿಡಬೇಡಿ. ಎಕನಾಮೆಟ್ರಿಕ್ಸ್ ಘಟಕವನ್ನು ಪೂರ್ತಿ ಕೈಬಿಟ್ಟು ಉಳಿದದ್ದರಲ್ಲಿ ನೋಡಿಕೊಳ್ಳುತ್ತೇನೆ ಎಂಬ ಲೆಕ್ಕಾಚಾರವೂ ಬೇಡ. ರಿಗ್ರೆಷನ್‌ನ ಊಹೆಗಳು, ಮಲ್ಟಿಕೊಲಿನಿಯಾರಿಟಿ, ಹೆಟಿರೊಸ್ಕೆಡಾಸ್ಟಿಸಿಟಿ, ಆಟೊಕೋರಿಲೇಷನ್, ಈ ನಾಲ್ಕನ್ನು ಪತ್ತೆ ಹಚ್ಚುವ ಪರೀಕ್ಷೆಗಳ ಸಮೇತ ತಿಳಿದುಕೊಂಡರೆ ಅಲ್ಲಿನ ಬಹುಪಾಲು ಪ್ರಶ್ನೆ ಕೈಗೆ ಸಿಗುತ್ತವೆ. ಎರಡು ತಿಂಗಳು ಸಾಕು. ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ, ತಪ್ಪಾದದ್ದನ್ನು ಗುರುತು ಹಾಕಿಕೊಂಡು ಬನ್ನಿ, ಅದರ ಮೇಲೆ ಕೂತು ಮಾತಾಡೋಣ.