ಮಳೆಗಾಲದಲ್ಲಿ ಮೊಬೈಲ್ ಮಾರುವುದು

ಕೊಡಗಿನ ಗೋಣಿಕೊಪ್ಪದ ಒಂದು ಮೊಬೈಲ್ ಅಂಗಡಿಯಲ್ಲಿ ನಾನು ಸೇಲ್ಸ್‌ನಲ್ಲಿದ್ದೇನೆ. ಸಂಬಳ ಅಂತ ಬರುವುದು ರೂಮ್ ಬಾಡಿಗೆಗೂ ಊಟಕ್ಕೂ ಸರಿಹೋಗುತ್ತದೆ. ಉಳಿದದ್ದೆಲ್ಲ ಇನ್ಸೆಂಟಿವ್, ಅಂದರೆ ಮಾರಿದ ಫೋನಿನ ಲೆಕ್ಕದಲ್ಲಿ ಸಿಗುವ ಕಮಿಷನ್. ತಿಂಗಳಿಗೆ ಎಷ್ಟು ಸಿಗುತ್ತೆ ಅಂತ ಮನೆಯವರು ಕೇಳಿದರೆ ಏನು ಹೇಳಲಿ? 30ನೇ ತಾರೀಖಿನವರೆಗೆ ನನಗೇ ಗೊತ್ತಿರುವುದಿಲ್ಲ.

ಒಂದೊಂದು ಮಾಡೆಲ್‌ಗೆ ಒಂದೊಂದು ರೇಟು. ಅದರ ಮೇಲೆ ಸ್ಲ್ಯಾಬ್. ಟಾರ್ಗೆಟ್ ಮುಟ್ಟಿದರೆ ಪೂರ್ತಿ ದುಡ್ಡು, ಸ್ವಲ್ಪ ಕಡಿಮೆಯಾದರೆ ಅರ್ಧ, ತೀರಾ ಕೆಳಗಿದ್ದರೆ ಮಾರಿದ ಫೋನಿಗೂ ಏನೂ ಇಲ್ಲ. ಬಿಲ್ ಹಾಕಿದ ತಕ್ಷಣ ಮಾರಾಟ ಆಯ್ತು ಅಂತಲೂ ಅಲ್ಲ. ಸಿಮ್ ಹಾಕಿ, ಆನ್ ಮಾಡಿ, ಆ ಫೋನಿನ ಗುರುತಾದ 15 ಅಂಕಿಯ ಐಎಂಇಐ ನಂಬರ್ ಕಂಪನಿಯ ಸಿಸ್ಟಂನಲ್ಲಿ ಆಕ್ಟಿವೇಟ್ ಅಂತ ಕಾಣಿಸಬೇಕು. "ಮಗ ಬೆಂಗಳೂರಿಂದ ಬಂದ ಮೇಲೆ ಅವನೇ ಓಪನ್ ಮಾಡ್ತಾನೆ, ಸೀಲ್ ಒಡೀಬೇಡಿ" ಅಂತ ಬಾಕ್ಸ್ ಎತ್ತಿಕೊಂಡು ಹೊರಟರೆ ನನ್ನ ಎದೆ ಧಸಕ್ ಅನ್ನುತ್ತದೆ.

ಇದೆಲ್ಲ ಯಾವ ಊರಲ್ಲೂ ಇರುವ ತಲೆನೋವು. ಕೊಡಗಿನದು ಬೇರೆ. ಇಲ್ಲಿ ದುಡ್ಡು ಓಡಾಡುವುದು ಕಾಫಿ ಜೊತೆ. ವರ್ಷದ ಕೊನೆಗೆ ಅರೇಬಿಕಾ ಕುಯ್ಲು, ಜನವರಿ ಹೊತ್ತಿಗೆ ರೋಬಸ್ಟಾ, ಆಮೇಲೆ ಒಣಗಿಸಿ ಮಾರಿದ ಮೇಲೆ ಕೈಗೆ ಕಾಸು. ಆಗ ಒಂದೇ ಮನೆಯವರು ಎರಡು ಫೋನ್ ತಗೊಂಡು ಹೋಗುತ್ತಾರೆ. ಭಾನುವಾರ ಲೈನ್ ಮನೆಗಳಿಂದ (ತೋಟದ ಕೆಲಸಗಾರರ ಸಾಲು ಮನೆಗಳು) ಬರುವ ಅಸ್ಸಾಂ ಹುಡುಗರೂ ಜಾಸ್ತಿ. ಅವರ ಆಧಾರ್ ವಿಳಾಸ ಅಲ್ಲಿಯದು, ಹಾಗಾಗಿ ಇಎಂಐ ಸಾಮಾನ್ಯವಾಗಿ ಪಾಸ್ ಆಗಲ್ಲ, ಕ್ಯಾಶ್ ಎಣಿಸಿ ಕೊಡುತ್ತಾರೆ. ಜುಲೈ ಬಂತು ಅಂದ್ರೆ ಅಂಗಡಿಗೆ ಬರುವವರು ಹೊಸ ಫೋನ್ ಕೇಳಲ್ಲ, ಚಾರ್ಜಿಂಗ್ ಪೋರ್ಟ್‌ನಲ್ಲಿ ತೇವ ಇದೆ ಅಂತ ತೋರಿಸುತ್ತಿರುವ ಹಳೇ ಫೋನ್ ತರುತ್ತಾರೆ. ಸ್ವಲ್ಪ ಹೊತ್ತು ಫ್ಯಾನ್ ಕೆಳಗಿಡಿ ಅನ್ನುತ್ತೇನೆ. ಅದಕ್ಕೆ ಇನ್ಸೆಂಟಿವ್ ಇಲ್ಲ. ಆದರೆ ಟಾರ್ಗೆಟ್ ಕಳಿಸುವವರಿಗೆ ಜುಲೈಯೂ ಒಂದೇ, ಫೆಬ್ರವರಿಯೂ ಒಂದೇ.

ಇನ್ನೊಂದು, ನಾನು ಯಾವ ಫೋನ್ ತೋರಿಸಬೇಕು ಅನ್ನುವುದು. ಕಂಪನಿ ಜಾಸ್ತಿ ಕಮಿಷನ್ ಇಡುವುದು ತೆಳ್ಳಗಿನ, ಕ್ಯಾಮೆರಾ ಜೋರಾಗಿರುವ ಮಾಡೆಲ್ ಮೇಲೆ. ಗಿರಾಕಿ ಕೇಳುವುದು ಎರಡೇ ಮಾತು: "ಕರೆಂಟ್ ಎರಡು ದಿನ ಇರಲ್ಲ, ಬ್ಯಾಟರಿ ನಿಲ್ಲುತ್ತಾ? ನಮ್ಮ ತೋಟದಲ್ಲಿ ರೇಂಜ್ ಸಿಗುತ್ತಾ?" ಟವರೇ ಇಲ್ಲದ ಕಡೆ ಯಾವ ಫೋನೂ ರೇಂಜ್ ತಂದುಕೊಡಲ್ಲ. ಮನೆಗೆ ಫೈಬರ್ ಇಂಟರ್ನೆಟ್ ಇದ್ದರೆ ವೈಫೈ ಕಾಲಿಂಗ್ ಇರುವ ಫೋನ್ ತಗೊಳ್ಳಿ, ಟವರ್ ಇಲ್ಲದಿದ್ದರೂ ವೈಫೈ ಮೇಲೆ ಕಾಲ್ ಹೋಗುತ್ತೆ, ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿಕೊಡುತ್ತೇನೆ ಅನ್ನುತ್ತೇನೆ. ಅದು ಕಡಿಮೆ ಕಮಿಷನ್‌ನ ಫೋನಲ್ಲೇ ಇದ್ದರೆ ಅದನ್ನೇ ಕೊಡುತ್ತೇನೆ. ದೊಡ್ಡ ಧರ್ಮಾತ್ಮ ಅಂತಲ್ಲ. ಇದು ಸಣ್ಣ ಊರು, ಸುಳ್ಳು ಹೇಳಿ ಮಾರಿದರೆ ಮುಂದಿನ ವಾರ ಬಸ್ ಸ್ಟ್ಯಾಂಡಲ್ಲಿ ಅವರೇ ಸಿಗುತ್ತಾರೆ ಅಲ್ವಾ?

"ನಿಮ್ಮ ಲಾಭ ಬಿಟ್ಟು ರೇಟ್ ಹೇಳಿ" ಅನ್ನುವವರಿಗೆ ಒಂದು ಮಾತು. ಬಿಲ್‌ನಲ್ಲಿ ಕಾಣುವ 18% ಜಿಎಸ್‌ಟಿ ನಮ್ಮ ಜೇಬಿಗೆ ಬರಲ್ಲ. ಮೊದಲು 12% ಇತ್ತು, 2020ರ ಏಪ್ರಿಲ್‌ನಿಂದ 18 ಆಯ್ತು. ಅಂಗಡಿಗೆ ಫೋನಿಗಿಂತ ಚೆನ್ನಾಗಿ ಗಿಟ್ಟುವುದು ಕವರ್, ಗ್ಲಾಸುಗಳಲ್ಲಿ. ಚೌಕಾಸಿ ಅಲ್ಲಿ ಮಾಡಿ.

ಮಾಡುವುದಾದರೆ ತಿಂಗಳ ಕೊನೆಯ ವಾರ ಬನ್ನಿ. ಸ್ಲ್ಯಾಬ್‌ಗೆ ಒಂದೆರಡು ಫೋನ್ ಕಡಿಮೆ ಬಿದ್ದಿರುತ್ತದೆ, ಟೆಂಪರ್ಡ್ ಗ್ಲಾಸ್ ನನ್ನ ಕೈಯಿಂದಲೇ ಹಾಕಿಕೊಡುತ್ತೇನೆ. ಸೀಲ್ ಮಾತ್ರ ಇಲ್ಲೇ ಒಡೆಯಬೇಕು.