ಮಾತು ಅಳತೆಗೆ ಇಳಿಯಬೇಕು

14 ಜೂನ್ 2025, ಶನಿವಾರ

ಹೊಸದಾಗಿ ವೃತ್ತಿಗೆ ಬಂದ ಆರ್ಕಿಟೆಕ್ಟ್‌ಗಳ ಕೈಗೆ ಸಮುದಾಯ ಭವನ, ಓದುವ ಕೋಣೆ, ಆಟದ ಬಯಲಿನಂಥ ಕೆಲಸ ಬಂದಾಗ ಹಾಳೆಯ ಮೇಲೆ ಮೊದಲು ಮೂಡುವುದು ಚಾವಣಿಯ ಆಕಾರ. ಅದನ್ನು ಸ್ವಲ್ಪ ತಡೆದರೆ ಒಳ್ಳೆಯದು. ಇಂಥ ಕಟ್ಟಡ ನಿಲ್ಲುವುದೂ ಬೀಳುವುದೂ ಜನ ಹೇಳಿದ ಮಾತು ಮಿಲಿಮೀಟರಿಗೆ ಇಳಿಯಿತೋ ಇಲ್ಲವೋ ಎಂಬುದರ ಮೇಲೆ. ವರದಿಯಲ್ಲಿ ಉಳಿದ ಮಾತು ಗೋಡೆಯಾಗುವುದಿಲ್ಲ.

‘ನಿಮಗೆ ಏನು ಬೇಕು?’ ಎಂದು ಕೇಳಿ ಸಭೆ ಆರಂಭಿಸಿದರೆ ದೊಡ್ಡ ಹಾಲ್, ಪಾರ್ಕಿಂಗ್, ಚೆಂದದ ಮುಂಭಾಗ ಎಂಬ ಪಟ್ಟಿ ಸಿಗುತ್ತದೆ. ಅದರಿಂದ ಒಂದು ಕಿಟಕಿಯನ್ನೂ ಕೂರಿಸಲಾಗದು. ‘ಕಳೆದ ವಾರ ಎಲ್ಲಿ ಸೇರಿದಿರಿ? ಎಷ್ಟು ಜನ? ಎಷ್ಟು ಹೊತ್ತು? ಯಾಕೆ ಬೇಗ ಎದ್ದಿರಿ?’ ಎಂದು ಕೇಳಬೇಕು. ಹನ್ನೆರಡು ಹೆಂಗಸರು ಮಧ್ಯಾಹ್ನ ಎರಡು ಗಂಟೆ ಕೂತು ಲೆಕ್ಕ ಬರೆಯುತ್ತಾರೆ, ಮಕ್ಕಳು ಹೊರಗೆ ಆಡುತ್ತಿರುತ್ತಾರೆ ಎಂಬ ಉತ್ತರ ಬಂತೆನ್ನಿ. ಅರ್ಧ ನಕ್ಷೆ ಅದರಲ್ಲೇ ಇದೆ: ಮೇಜು ಸೇರಿ ತಲೆಗೆ ಒಂದೂವರೆ ಚದರ ಮೀಟರ್ ಹಿಡಿದರೆ ಸುಮಾರು 18 ಚದರ ಮೀಟರ್ ಕೋಣೆ, ಕೂತಲ್ಲಿಂದಲೇ ಮಕ್ಕಳು ಕಾಣುವಂತೆ 600 ಮಿ.ಮೀ. ಎತ್ತರದಲ್ಲಿ ಕಿಟಕಿಯ ಕೆಳಅಂಚು. ಹಾಲ್ ದಾಟದೆ ಹೋಗಬಹುದಾದ ಶೌಚಾಲಯ.

ಕೇಳಿದ್ದನ್ನು ಕಣ್ಣಿನಿಂದಲೂ ಪರೀಕ್ಷಿಸಬೇಕು. ಖಾಲಿ ನಿವೇಶನ ಎಂಬುದು ಬಹುತೇಕ ಖಾಲಿ ಇರುವುದಿಲ್ಲ. ಒಂದು ಕೆಲಸದ ದಿನ, ಒಂದು ರಜಾ ದಿನ, ಬೆಳಗಿನಿಂದ ರಾತ್ರಿಯ ತನಕ ಗಂಟೆಗೆ ಹತ್ತು ನಿಮಿಷದಂತೆ ನಕ್ಷೆಯ ಪ್ರತಿಯ ಮೇಲೆ ಗುರುತು ಹಾಕುವುದು ಸಾಕು: ಕೂತವರಿಗೆ ಒಂದು ಚಿಹ್ನೆ, ನಿಂತವರಿಗೆ ಒಂದು, ಹಾದು ಹೋದವರಿಗೆ ಗೆರೆ, ಅಂದಾಜು ವಯಸ್ಸು, ಗಂಡೋ ಹೆಣ್ಣೋ. ಕತ್ತಲಾದ ಮೇಲೆ ಹೆಂಗಸರ ಗುರುತು ಒಮ್ಮೆಲೆ ಕಡಿಮೆಯಾದರೆ ಬೆಳಕಿನ ಕಂಬದ ಜಾಗವನ್ನೂ ಕಾಂಪೌಂಡ್ ಗೋಡೆಯ ಎತ್ತರವನ್ನೂ ಮತ್ತೆ ನೋಡಬೇಕೆಂದು ಅರ್ಥ. ಹುಲ್ಲು ಸವೆದ ಕಾಲುದಾರಿಗಳನ್ನೂ ಅಳೆದು ಹಾಳೆಗೆ ಇಳಿಸಿ. ಅದರ ಮೇಲೆ ಗೋಡೆ ಎಬ್ಬಿಸಿದರೆ ಜನ ಗೋಡೆಯನ್ನು ಸುತ್ತುತ್ತಾರೆ, ಆರ್ಕಿಟೆಕ್ಟ್‌ನನ್ನು ಬೈಯುತ್ತಾ.

ಇದಕ್ಕೆ ಒಳ್ಳೆಯ ಉದಾಹರಣೆ ಬ್ರೆಜಿಲ್‌ನ ಸಾವೊ ಪಾಲೊದಲ್ಲಿದೆ. ಪೀಪಾಯಿಯಂಥ ಡ್ರಮ್ ತಯಾರಿಸುತ್ತಿದ್ದ ಹಳೆಯ ಕಾರ್ಖಾನೆಯೊಂದನ್ನು ನೋಡಲು ಆರ್ಕಿಟೆಕ್ಟ್ ಲೀನಾ ಬೊ ಬಾರ್ಡಿ ಹೋದಾಗ ಅಲ್ಲಿ ಆಗಲೇ ಮಕ್ಕಳು ಓಡಾಡುತ್ತಿದ್ದರು, ವಯಸ್ಸಾದವರು ಕೂತಿದ್ದರು, ಬಿಡುವಿನ ದಿನ ಮನೆಮಂದಿಯೆಲ್ಲ ಬರುತ್ತಿದ್ದರು. ಆಕೆ ಕಾರ್ಖಾನೆಯನ್ನು ಕೆಡವದೆ ಉಳಿಸಿಕೊಂಡು, ನಡೆಯುತ್ತಿದ್ದುದಕ್ಕೆ ಇನ್ನಷ್ಟು ಅನುಕೂಲ ಸೇರಿಸಿದರು. 1977ರಲ್ಲಿ ಶುರುವಾದ ಸೆಸ್ಕ್ ಪೊಂಪೇಯ ಎಂಬ ಸಂಸ್ಕೃತಿ, ಕ್ರೀಡಾ ಕೇಂದ್ರ ಅದು. ಹಳೆಯ ಭಾಗ 1982ರಲ್ಲಿ ತೆರೆಯಿತು, ಕ್ರೀಡೆಯ ಕಾಂಕ್ರೀಟ್ ಗೋಪುರಗಳು 1986ರಲ್ಲಿ ಮುಗಿದವು. ಫೋಟೊ ತೆಗೆಯುವವರು ಗೋಪುರಗಳ ಕಡೆ ಓಡುತ್ತಾರೆ. ಕಲಿಯಬೇಕಾದದ್ದು ಕೆಳಗಿನ ಹಳೇ ಶೆಡ್ಡುಗಳಲ್ಲಿದೆ.

ಸಭೆಯ ವಿಷಯ. ನಗರ ನೀತಿಯ ಬಗ್ಗೆ ಬರೆದ ಅಮೆರಿಕದ ಶೆರಿ ಆರ್ನ್‌ಸ್ಟೈನ್ 1969ರಲ್ಲಿ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ತೋರಿಸಿದ್ದರು. ಮಾಹಿತಿ ಕೊಡುವುದು, ಅಭಿಪ್ರಾಯ ಕೇಳುವುದು, ಸಮಾಧಾನಪಡಿಸುವುದು ಈ ಮೂರೂ ಆಕೆಯ ಲೆಕ್ಕದಲ್ಲಿ ತೋರಿಕೆಯವು. ನಮ್ಮ ಬಹುಪಾಲು ಸಭೆಗಳು ಅಲ್ಲೇ ಮುಗಿಯುತ್ತವೆ, ಯಾಕೆಂದರೆ ಬಣ್ಣ ಹಚ್ಚಿದ ಮೂರು ಆಯಾಮದ ಚಿತ್ರ ಗೋಡೆಯ ಮೇಲೆ ಬರುವ ಹೊತ್ತಿಗೆ ತೀರ್ಮಾನವೆಲ್ಲ ಆಗಿರುತ್ತದೆ. ಅಂಥ ಚಿತ್ರ ಕಂಡವರು ಚಪ್ಪಾಳೆ ತಟ್ಟುತ್ತಾರೆ, ತಿದ್ದುವುದಿಲ್ಲ. ಮೊದಲ ಸಭೆಗೆ ಒಯ್ಯಬೇಕಾದದ್ದು 1:50 ಅಳತೆಯ ಕಾರ್ಡ್‌ಬೋರ್ಡ್ ಮಾದರಿ: ಚಾವಣಿ ಎತ್ತಬಹುದಾದದ್ದು, ಒಳಗೋಡೆಗಳನ್ನು ಗುಂಡುಪಿನ್ನಿನಿಂದ ಚುಚ್ಚಿ ನಿಲ್ಲಿಸಿದ್ದು, ಜೊತೆಗೆ ಮೂರೂವರೆ ಸೆಂಟಿಮೀಟರ್ ಎತ್ತರದ ಮನುಷ್ಯರ ಗೊಂಬೆಗಳು. ಕೈ ಹಾಕಿ ಗೋಡೆ ಸರಿಸಬಹುದು ಎಂದು ಗೊತ್ತಾದ ಕೂಡಲೇ ಮಾತಿನ ಧಾಟಿಯೇ ಬದಲಾಗುತ್ತದೆ. ಮಾದರಿ ತೀರಾ ಅಚ್ಚುಕಟ್ಟಾಗಿದ್ದರೆ ಯಾರೂ ಮುಟ್ಟುವುದಿಲ್ಲ, ಸ್ವಲ್ಪ ಒರಟಾಗಿರಲಿ.

ಆಮೇಲೆ ನೆಲದ ಮೇಲೆ ಸುಣ್ಣದ ಪುಡಿಯಿಂದ ಪೂರ್ಣ ಗಾತ್ರದಲ್ಲಿ ಗೆರೆ ಎಳೆಯಿರಿ. 1.2 ಮೀಟರ್ ಓಣಿಯಲ್ಲಿ ಇಬ್ಬರು ಎದುರುಬದುರು ನಡೆದು ನೋಡಲಿ, ಗಾಲಿಕುರ್ಚಿಯವರು 1.5 ಮೀಟರ್ ವೃತ್ತದಲ್ಲಿ ತಿರುಗಿ ನೋಡಲಿ. ಗಾಲಿಕುರ್ಚಿಗೆ ಓಣಿ ಸಾಲುತ್ತದೆ, ಆದರೆ ಹೊರಗೆ ತೆರೆದ ಬಾಗಿಲು ಅದನ್ನು ಅಡ್ಡಗಟ್ಟುತ್ತದೆ ಎಂಬ ಸಂಗತಿ ಹಾಳೆಯಲ್ಲಿ ತಪ್ಪಿಸಿಕೊಂಡರೂ ಸುಣ್ಣದ ಗೆರೆಯಲ್ಲಿ ಸಿಕ್ಕಿಬೀಳುತ್ತದೆ. ಸಂಜೆ ಸಭೆಗೆ ಬರಲಾಗದವರು ಯಾರೆಂದು ಮೊದಲೇ ಪಟ್ಟಿ ಮಾಡಿ, ಮಾದರಿಯನ್ನು ಅವರಿದ್ದಲ್ಲಿಗೇ ಹೊತ್ತೊಯ್ಯಬೇಕು. ಕಸ ಗುಡಿಸುವವರು, ಕಾವಲಿನವರು ಈ ಪಟ್ಟಿಯಲ್ಲಿ ಮೊದಲು.

ಕೂರುವ ಜಾಗ. ನ್ಯೂಯಾರ್ಕಿನ ಬಯಲುಗಳನ್ನು 1970ರ ದಶಕದಲ್ಲಿ ಕ್ಯಾಮೆರಾ ಇಟ್ಟು ಗಮನಿಸಿದ ಅಮೆರಿಕದ ಬರಹಗಾರ ವಿಲಿಯಂ ವೈಟ್ ಕಂಡುಕೊಂಡದ್ದು ಸರಳ: ಕೂರಲು ಜಾಗ ಇರುವಲ್ಲಿ ಜನ ಕೂರುತ್ತಾರೆ. ಒಂದರಿಂದ ಮೂರು ಅಡಿ ಎತ್ತರದ ಯಾವ ಅಂಚಾದರೂ ಆದೀತು. ಅಲ್ಲಿನ ನಿಯಮದಲ್ಲಿ ಪ್ರತಿ 30 ಚದರ ಅಡಿ ಬಯಲಿಗೆ ಒಂದು ಅಡಿ ಉದ್ದದ ಆಸನ ಎಂಬ ಲೆಕ್ಕವೂ ಬಂತು. ಕಟ್ಟೆಯ ಎತ್ತರ 450 ಮಿ.ಮೀ. ಇಟ್ಟು, ಅಗಲವನ್ನು 750ಕ್ಕೆ ಏರಿಸಿದರೆ ಎರಡೂ ಕಡೆ ಬೆನ್ನಿಗೆ ಬೆನ್ನು ಕೊಟ್ಟು ಕೂರಬಹುದು. 400ಕ್ಕೆ ಇಳಿಸಿದರೆ ಒಂದೇ ಸಾಲು. ಕಲ್ಲಿನ ಚೂಪು ಅಂಚನ್ನು ಗುಂಡಗೆ ಮಾಡಿಸಿ, ಮೇಲ್ಮೈಗೆ ಶೇಕಡಾ 1ರಷ್ಟು ಇಳಿಜಾರು ಕೊಡಿ, ಇಲ್ಲದಿದ್ದರೆ ಮಳೆ ನಿಂತ ಮೇಲೂ ಕಟ್ಟೆ ಒದ್ದೆಯಾಗಿಯೇ ಇರುತ್ತದೆ. ವಯಸ್ಸಾದವರಿಗೆ ಬೆನ್ನಿಗೊಂದು ಆಸರೆ, ಎದ್ದೇಳಲು ಕೈ ಊರುವ ಹಿಡಿ ಬೇಕು. ಪ್ರತಿ ಮೂರ್ನಾಲ್ಕು ಆಸನದಲ್ಲಿ ಒಂದಕ್ಕಾದರೂ.

ಜಗಲಿಯ ನೆರಳಿನಲ್ಲಿ ಬಹಳ ಜನ ಎಡವುತ್ತಾರೆ. ಅಗಲ ಹೆಚ್ಚಿಸಿದರೆ ನೆರಳು ಹೆಚ್ಚುತ್ತದೆ ಎಂದುಕೊಳ್ಳುತ್ತಾರೆ, ಆದರೆ ನಿರ್ಧರಿಸುವುದು ಸೂರಿನ ಎತ್ತರ. ಸೂರ್ಯ 45 ಡಿಗ್ರಿಯಲ್ಲಿ ನೇರ ಎದುರಿಗಿದ್ದಾಗ 2.7 ಮೀಟರ್ ಎತ್ತರದ ಸೂರಿನಡಿಯಲ್ಲಿ ಬಿಸಿಲು ನೆಲದ ಮೇಲೆ 2.7 ಮೀಟರ್ ಒಳಬರುತ್ತದೆ. ಅಂದರೆ 2.4 ಮೀಟರ್ ಅಗಲದ ಜಗಲಿಯ ನೆಲವೆಲ್ಲ ಬಿಸಿಲು. ಸೂರನ್ನು 2.1ಕ್ಕೆ ಇಳಿಸಿದರೆ, 450 ಮಿ.ಮೀ. ಆಸನದ ಮಟ್ಟದಲ್ಲಿ ಬಿಸಿಲು 1.65 ಮೀಟರಿಗೆ ನಿಲ್ಲುತ್ತದೆ. ಗೋಡೆಗಂಟಿದ ಮುಕ್ಕಾಲು ಮೀಟರ್ ನೆರಳಾಗಿ ಉಳಿಯುತ್ತದೆ. ಬೆಂಚು ಹಾಕಬೇಕಾದದ್ದು ಅಲ್ಲಿ. ಸೂರು ತಗ್ಗಿದಷ್ಟೂ ಒಳಗೆ ಕತ್ತಲು ಎಂಬ ಆಕ್ಷೇಪ ಸರಿಯೇ, ಅದಕ್ಕೆ ಸೂರಿನ ಮೇಲೆ ಗೋಡೆಯಲ್ಲಿ ಎತ್ತರದ ಕಿಟಕಿ ಇಡಬೇಕು.

ರ‍್ಯಾಂಪನ್ನು (ಗಾಲಿಕುರ್ಚಿ ಏರುವ ಇಳಿಜಾರು ದಾರಿಯನ್ನು) ಕೊನೆಗೆ ಅಂಟಿಸಿದರೆ ಅದು ಹಿಂಬಾಗಿಲಿಗೇ ಹೋಗುತ್ತದೆ. ಲೆಕ್ಕ ಹಾಕಿ ನೋಡಿ: ನೆಲಗಟ್ಟು 450 ಮಿ.ಮೀ. ಎತ್ತರವಿದ್ದರೆ 1:12 ಇಳಿಜಾರಿಗೆ (ಒಂದು ಪಾಲು ಏರಲು ಹನ್ನೆರಡು ಪಾಲು ಉದ್ದ) 5.4 ಮೀಟರ್, ಮೇಲೆ ಕೆಳಗೆ ಒಂದೂವರೆ ಮೀಟರ್ ಸಮತಟ್ಟು ಸೇರಿ 8.4 ಮೀಟರ್. ನೆಲಗಟ್ಟನ್ನು 300ಕ್ಕೆ ಇಳಿಸಿದರೆ 6.6ಕ್ಕೆ ಮುಗಿಯುತ್ತದೆ. ನೀರು ನುಗ್ಗುವ ಭಯವಿಲ್ಲದ ಜಾಗವಾದರೆ ಅಂಗಳವನ್ನೇ 1:20ರಲ್ಲಿ ಏರಿಸಿ, ಎಲ್ಲರೂ ಒಂದೇ ದಾರಿಯಲ್ಲಿ ಒಳಹೋಗುವಂತೆ ಮಾಡಿ.

ಹಾಲ್‌ನ ಸದ್ದಿನ ಬಗ್ಗೆ ಯಾರೂ ಸಭೆಯಲ್ಲಿ ಕೇಳುವುದಿಲ್ಲ, ಉದ್ಘಾಟನೆಯ ದಿನ ಎಲ್ಲರೂ ಕೇಳುತ್ತಾರೆ. 15×10 ಮೀಟರ್, 4.5 ಎತ್ತರದ ಹಾಲ್ ಎಂದರೆ 675 ಘನ ಮೀಟರ್. ಗಾರೆ ಗೋಡೆ, ಗಟ್ಟಿ ನೆಲ, ಕಾಂಕ್ರೀಟ್ ಚಾವಣಿ ಒಟ್ಟು 525 ಚದರ ಮೀಟರ್. ಹೀರುವ ಗುಣಾಂಕ (ಬಿದ್ದ ಸದ್ದಿನಲ್ಲಿ ಮೇಲ್ಮೈ ಹೀರಿಕೊಳ್ಳುವ ಪಾಲು) ಸರಾಸರಿ 0.03 ಹಿಡಿದರೆ ಸಿಗುವ ಹೀರುವಿಕೆ 16 ಚದರ ಮೀಟರಿಗಿಂತ ಕಡಿಮೆ. ಸದ್ದು ಅಡಗುವ ಹೊತ್ತನ್ನು ಲೆಕ್ಕ ಹಾಕುವ ಸಬೈನ್ ಸೂತ್ರದಲ್ಲಿ 0.161ನ್ನು ಘನ ಅಳತೆಯಿಂದ ಗುಣಿಸಿ ಇದರಿಂದ ಭಾಗಿಸಿದರೆ ಖಾಲಿ ಹಾಲ್‌ನಲ್ಲಿ ಸದ್ದು ಅಡಗಲು ಸುಮಾರು 7 ಸೆಕೆಂಡು. ಕಿಟಕಿ ತೆರೆದರೆ, ಜನ ತುಂಬಿದರೆ ಇಳಿಯುತ್ತದೆ ನಿಜ, ಆದರೆ ಇಪ್ಪತ್ತು ಜನರ ಸಭೆಯಲ್ಲಿ ಹಿಂದೆ ಕೂತ ಅಜ್ಜಿಗೆ ಒಂದು ಮಾತೂ ತಿಳಿಯದು. ಮಾತಿಗೆ ಬೇಕಾದದ್ದು ಒಂದು ಸೆಕೆಂಡಿನ ಆಸುಪಾಸು. ಚಾವಣಿಯ ಕೆಳಗೆ 0.7 ಗುಣಾಂಕದ ಹಲಗೆ ಹಾಕಿದರೆ 105 ಚದರ ಮೀಟರ್ ಹೀರುವಿಕೆ ಅಲ್ಲೇ ಸಿಕ್ಕಿ, ಖಾಲಿ ಹಾಲ್ ಕೂಡ 0.9ರ ಹತ್ತಿರಕ್ಕೆ ಬರುತ್ತದೆ. ಮೈಕ್ ಸೆಟ್ ತಂದರಾಯಿತು ಎನ್ನುವವರಿಗೆ ಒಂದೇ ಮಾತು: ಪ್ರತಿಧ್ವನಿಯೂ ಅಷ್ಟೇ ಜೋರಾಗುತ್ತದೆ.

ಇನ್ನು ಸಾಮಾನು ಕೋಣೆ. ಖರ್ಚು ಕಡಿತವಾದಾಗ ಮೊದಲು ಅಳಿಸಿಹೋಗುವುದು ಇದೇ. ನೂರು ಪ್ಲಾಸ್ಟಿಕ್ ಕುರ್ಚಿ ಹತ್ತರ ಅಟ್ಟಿಯಲ್ಲಿ ಇಟ್ಟರೂ ನಾಲ್ಕು ಚದರ ಮೀಟರ್ ತಿನ್ನುತ್ತವೆ, ಓಡಾಡುವ ಜಾಗ ಸೇರಿ ಎಂಟು. ಮೇಜು, ಪರದೆ, ಜಮಖಾನ, ಪೊರಕೆ ಬಕೆಟ್ ಬೇರೆ. ಹಾಲ್‌ನ ನೆಲದ ಹತ್ತನೇ ಒಂದು ಭಾಗ ಇದಕ್ಕೆ ಮೀಸಲಿಡಿ. ಬಾಗಿಲು ಜೋಡಿ ರೆಕ್ಕೆಯದು, ಒಂದೂವರೆ ಮೀಟರ್, ನೇರವಾಗಿ ಹಾಲ್‌ಗೇ ತೆರೆಯುವಂಥದ್ದು. ಕೋಣೆ ಇಲ್ಲದಿದ್ದರೆ ಕುರ್ಚಿಗಳು ವೇದಿಕೆಯ ಮೇಲೆ, ಆಮೇಲೆ ರ‍್ಯಾಂಪಿನ ಮೇಲೆ, ಕೊನೆಗೆ ಗಾಲಿಕುರ್ಚಿಯವರ ಶೌಚಾಲಯದೊಳಗೆ ಸೇರಿಕೊಳ್ಳುತ್ತವೆ.

ಬೀಗದ ಕೈ ಯಾರ ಬಳಿ ಎಂಬುದು ನಕ್ಷೆಯ ಪ್ರಶ್ನೆಯೇ. ಇಡೀ ಕಟ್ಟಡಕ್ಕೆ ಒಂದೇ ಬೀಗವಿದ್ದರೆ ಬೀಗದ ಕೈ ಇರುವವರು ಊರಿಗೆ ಹೋದ ದಿನ ಎಲ್ಲ ಬಂದ್. ಹಾಲ್, ಸಣ್ಣ ಕೋಣೆ, ಶೌಚಾಲಯ ಮೂರೂ ಬೇರೆ ಬೇರೆಯಾಗಿ ತೆರೆಯುವಂತಿರಬೇಕು. ಶೌಚಾಲಯಕ್ಕೆ ಹೊರಗಿನಿಂದಲೂ ದಾರಿ ಬೇಕು. ಸ್ವಿಚ್‌ಗಳನ್ನೂ ಹಾಗೇ ಹಂಚಿ: ಐದು ಜನ ಬಂದಾಗ ಇಡೀ ಹಾಲ್‌ನ ದೀಪ ಉರಿಯುವಂತಿದ್ದರೆ ಕರೆಂಟ್ ಬಿಲ್ಲಿಗೆ ಹೆದರಿ ಸಮಿತಿಯವರು ಆ ಐದು ಜನರನ್ನೇ ಬರಬೇಡಿ ಎನ್ನುತ್ತಾರೆ.

ಸಾಮಗ್ರಿಯನ್ನು ಆರಿಸುವಾಗ ಯಾರು ದುರಸ್ತಿ ಮಾಡುತ್ತಾರೆ ಎಂಬುದೇ ಮೊದಲ ಪ್ರಶ್ನೆ. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊದ ಗಾಂಡೊ ಎಂಬ ಹಳ್ಳಿಯಲ್ಲಿ ಆರ್ಕಿಟೆಕ್ಟ್ ಫ್ರಾನ್ಸಿಸ್ ಕೆರೆ 2001ರಲ್ಲಿ ಮುಗಿಸಿದ ಶಾಲೆಗೆ ಮಣ್ಣಿನ ಇಟ್ಟಿಗೆ ಎಂದಾಗ ಊರವರಿಗೆ ನಂಬಿಕೆ ಬರಲಿಲ್ಲ, ಮಳೆಗೆ ಮಣ್ಣು ಕರಗುವುದನ್ನು ಅವರು ಕಂಡಿದ್ದರು. ಸಿಮೆಂಟ್ ಬೆರೆಸಿ ಒತ್ತಿದ ಇಟ್ಟಿಗೆಯ ಮೇಲೆ ಅಗಲ ಸೂರಿನ ತಗಡಿನ ಚಾವಣಿಯನ್ನು ಎತ್ತರಿಸಿ ನಿಲ್ಲಿಸಿದ್ದು ಆ ಅನುಮಾನಕ್ಕೆ ಕೊಟ್ಟ ಉತ್ತರ. ನಡುವಿನ ಸಂದಿನಲ್ಲಿ ಬಿಸಿಗಾಳಿಯೂ ಹೊರಹೋಗುತ್ತದೆ. ಚಾವಣಿ ಹೊರುವ ಚೌಕಟ್ಟು ಸಾಧಾರಣ ಕಂಬಿಗಳದ್ದು, ಊರವರೇ ಬೆಸುಗೆ ಹಾಕಿ ಎತ್ತುವಷ್ಟು ಹಗುರ.

ಒಪ್ಪಂದ ಬರೆಯುವಾಗಲೇ ಎರಡು ಸಾಲು ಸೇರಿಸಿಕೊಳ್ಳಿ: ಕಟ್ಟಡ ಬಳಕೆಗೆ ಬಂದು ಆರು ತಿಂಗಳಾದಾಗ ಒಮ್ಮೆ, ಎಲ್ಲ ಋತುಗಳೂ ಕಳೆದ ಮೇಲೆ ಮತ್ತೊಮ್ಮೆ ಭೇಟಿ, ಆಗ ಕಾಣುವ ತಿದ್ದುಪಡಿಗೆಂದು ಒಟ್ಟು ಮೊತ್ತದಲ್ಲಿ ಒಂದಿಷ್ಟು ಮುಟ್ಟದೆ ಇಟ್ಟ ಹಣ. ಎರಡನೆಯದಿಲ್ಲದೆ ಮೊದಲನೆಯದಕ್ಕೆ ಒಪ್ಪಬೇಡಿ. ಭೇಟಿಯಲ್ಲಿ ನೋಡಬೇಕಾದದ್ದು ಜನರೇ ಸೇರಿಸಿದ್ದನ್ನು: ಹಗ್ಗ ಕಟ್ಟಿದ ಮೊಳೆ, ಬಾಗಿಲಿಗೆ ಒತ್ತಿಟ್ಟ ಕಲ್ಲು, ಕಿಟಕಿಗೆ ಅಂಟಿಸಿದ ರಟ್ಟು. ಒಂದೊಂದನ್ನೂ ಅಳತೆ ಸಮೇತ ನಕ್ಷೆಯ ಮೇಲೆ ಗುರುತಿಸಿಕೊಂಡು, ಮೀಸಲು ಹಣವನ್ನು ಆ ಪಟ್ಟಿಯ ಪ್ರಕಾರವೇ ಖರ್ಚು ಮಾಡಿ.